ಗುಡ್ಡಕ್ಕೆ ಬಿಟ್ಟ ದನಗಳನ್ನು ದಿನಾ ಹೋಗಿ ನೋಡಿ ಬರುವವರು ಬೇಕು – ಕೊಪ್ಪಳ, ಗಂಗಾವತಿ ಕಡೆಯವರು ದಯವಿಟ್ಟು ಓದಿ

ಗುಡ್ಡದ ಹಾದಿ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮೂರ ಗುಡ್ಡ ಮತ್ತು ಅದರ ಬುಡದ ಗಾಯರಾಣದಲ್ಲಿ (ಊರ ದನ ಮೇಯುವ ಗೋಮಾಳ) 34 ಜವಾರಿ ದನ ಇವೆ. ಕೆಲವು ದೇವರಿಗೆ ಬಿಟ್ಟವು. ಕೆಲವು ಟ್ರ್ಯಾಕ್ಟರ್ ಬಂದ ಮೇಲೆ ಮನೆಯಲ್ಲಿ ಕೆಲಸ ಇಲ್ಲದಂತಾದವು. ಉಳಿದವು ಅಲ್ಲೇ ಹುಟ್ಟಿ ಅಲ್ಲೇ ಬೆಳೆದವು. ಅವಕ್ಕೆ ಮೂಗುದಾರ ಇಲ್ಲ, ರಾತ್ರಿ ಕಟ್ಟುವುದೂ ಇಲ್ಲ. ಇವು ಗುಡ್ಡದಲ್ಲೇ ಇರಲಿ, ಹುಲ್ಲು ಮೇಯಲಿ, ಗಾಯರಾಣ ಬಳ್ಳಾರಿ ಜಾಲಿಯ ಪಾಲಾಗುವುದು ಬೇಡ ಅಂತ ಊರಿನ ಹಿರಿಯರು ಕೂತು ತೀರ್ಮಾನ ಮಾಡಿದ್ದಾರೆ. ಆ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ. ಮೇಯ್ದ ಕಡೆ ಕರಡ, ಕರಕಿ ಹೇಗೆ ಚಿಗುರಿವೆ ಅಂತ ಬಂದು ನೋಡಿ.

ಆದರೆ ಹೋದ ಮಳೆಗಾಲದಲ್ಲಿ ಒಂದು ಮಣಕ ಸತ್ತಿತು. ಹಿಂಗಾಲಿಗೆ ಬೇಲಿಯ ತಂತಿ ಸುತ್ತಿಕೊಂಡು ಮಾಂಸದೊಳಗೆ ಇಳಿದಿತ್ತು. ಗಾಯಕ್ಕೆ ಹುಳ ಬಿದ್ದಿದ್ದವು. ನಾವು ನೋಡುವ ಹೊತ್ತಿಗೆ ಅದು ಏಳಲಾರದ ಸ್ಥಿತಿಗೆ ಬಂದಿತ್ತು. ಆಮೇಲೆ ವಿಚಾರಿಸಿದರೆ, ಅದು ಕುಂಟುವುದನ್ನು ಆರೇಳು ಜನ ನೋಡಿದ್ದರು. ಕುರಿ ಕಾಯುವ ಹುಡುಗ ನೋಡಿದ್ದ. ಕಟ್ಟಿಗೆಗೆ ಹೋದ ಹೆಣ್ಣುಮಕ್ಕಳು ನೋಡಿದ್ದರು. ನಾನೂ ಬೈಕಿನ ಮೇಲಿಂದ ಒಮ್ಮೆ ನೋಡಿದ್ದೆ. ಬೇರೆ ಯಾರಾದರೂ ಹೇಳಿರುತ್ತಾರೆ ಅಂತ ಎಲ್ಲರೂ ಅಂದುಕೊಂಡೆವು. ಯಾರೂ ಹೇಳಿರಲಿಲ್ಲ. ಮೊದಲ ದಿನವೇ ತಂತಿ ಬಿಚ್ಚಿದ್ದರೆ ಅದು ಬದುಕುತ್ತಿತ್ತು.

ಅದಕ್ಕೆ ಕೇಳುತ್ತಿದ್ದೇನೆ. ವಾರಕ್ಕೆ ಒಂದು ದಿನ, ಒಂದೂವರೆ ತಾಸು ಕೊಡುವ 14 ಜನ ಬೇಕು. ದಿನಕ್ಕೆ ಇಬ್ಬರು. ಕೆಲಸ ಇಷ್ಟೇ: ಹೋಗಬೇಕು, ಎಣಿಸಬೇಕು, ಒಂದೊಂದನ್ನೂ ನೋಡಬೇಕು, ವಹಿಯಲ್ಲಿ ಬರೆಯಬೇಕು, ಏನಾದರೂ ಇದ್ದರೆ ಫೋನ್ ಮಾಡಬೇಕು. ಔಷಧ ಕೊಡುವುದು, ಹಿಡಿಯುವುದು, ಓಡಿಸುವುದು ನಮ್ಮ ಕೆಲಸ ಅಲ್ಲ.

ಭತ್ತದ ಗದ್ದೆ (ಸಿಂಧನೂರು)

ಅಣ್ಣಾ, ಬೇಜಾರಾಗಬೇಡಿ, ನೇರವಾಗಿ ಹೇಳುತ್ತೇನೆ. ಬಿಡಾಡಿ ದನದಿಂದ ನಾವು ಎಷ್ಟು ಅನುಭವಿಸಿದ್ದೇವೆ ಅಂತ ನಿಮಗೆ ಗೊತ್ತಿಲ್ಲ. ಎರಡು ವರ್ಷದ ಹಿಂದೆ ನಾಟಿ ಮಾಡಿದ ಹದಿನೈದು ದಿನಕ್ಕೆ ಒಂದೇ ರಾತ್ರಿಯಲ್ಲಿ ಮುಕ್ಕಾಲು ಎಕರೆ ತುಳಿದು ಹಾಕಿದ್ದವು. ಯಾರನ್ನು ಕೇಳುವುದು? ಮಾಲೀಕರಿಲ್ಲ. ಬಿಡಾಡಿ ದನ ಕೂಡಿಹಾಕುವ ಕೊಂಡವಾಡಕ್ಕೆ ಹೊಡೆದರೆ ಅಲ್ಲಿ ಮೇವಿಲ್ಲ ಅನ್ನುತ್ತಾರೆ. ದನ ಚೆನ್ನಾಗಿರಲಿ ಅಂತ ನನಗೂ ಆಸೆ ಇದೆ. ಆದರೆ ಅವು ಗುಡ್ಡ ಬಿಟ್ಟು ಕೆಳಗೆ ಬಂದರೆ ಜವಾಬ್ದಾರಿ ಯಾರದು ಅಂತ ಮೊದಲು ತೀರ್ಮಾನ ಮಾಡಿ.

ಗುಡ್ಡದ ಹಾದಿ (ಕೊಪ್ಪಳ)

ನ್ಯಾಯವಾದ ಮಾತು ರೀ. ನಮ್ಮಲ್ಲೂ ಗುಡ್ಡದ ಬದಿಗೆ ಮೆಕ್ಕೆಜೋಳ ಹಾಕುವವರು ಇದನ್ನೇ ಕೇಳಿದ್ದರು. ದಿನಾ ಎಣಿಸುವ ಜನ ಇದ್ದರೆ 34ರಲ್ಲಿ 29 ಮಾತ್ರ ಇವೆ ಅಂತ ಬೆಳಿಗ್ಗೆ ಏಳಕ್ಕೇ ಗೊತ್ತಾಗುತ್ತದೆ. ಉಳಿದ ಐದು ಯಾರ ಹೊಲದಲ್ಲಿವೆ ಅಂತ ಎಂಟರೊಳಗೆ ಹುಡುಕಬಹುದು. ಹೊಲದವರ ಫೋನ್ ನಂಬರ್‌ಗಳನ್ನು ಆಗಲೇ ಒಂದು ಕಡೆ ಬರೆದುಕೊಂಡಿದ್ದೇವೆ. ನಷ್ಟ ಆದರೆ ಗುಡ್ಡದ ನಿಧಿಯಿಂದ ಕೊಡುವುದು ಅಂತ ಮಾತಾಗಿದೆ. ಮೊತ್ತ ದೊಡ್ಡದಲ್ಲ, ಆದರೆ ಮಾತು ಗಟ್ಟಿ.

ಹಳೇ ಪಶುವೈದ್ಯ (ರಾಯಚೂರು)

ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಮಣಕದ ಕತೆ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಅಂಥವು ಎಷ್ಟೋ ನೋಡಿದ್ದೇನೆ. ಹೇಗೆ ನೋಡಬೇಕು ಅಂತ ಗೊತ್ತಿದ್ದರೆ ಒಂದೂವರೆ ತಾಸು ಬೇಕಾದಷ್ಟಾಯಿತು.

ಮೊದಲು ದೂರ ನಿಂತು ನೋಡಿ. ನೀವು ಹತ್ತಿರ ಹೋದ ಕೂಡಲೇ ದನ ತನ್ನ ನೋವು ಮುಚ್ಚಿಕೊಳ್ಳುತ್ತದೆ. ಬೇಟೆಗೆ ಸಿಗುವ ಪ್ರಾಣಿಯ ಸ್ವಭಾವ ಅದು. ಸುಮ್ನೆ ಒಂದು ಕಲ್ಲಿನ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಯಾವುದು ಹಿಂಡಿನಿಂದ ದೂರ ನಿಂತಿದೆ? ಎಲ್ಲವೂ ಮೇಯುವಾಗ ಯಾವುದು ತಲೆ ತಗ್ಗಿಸಿ ಸುಮ್ಮನಿದೆ? ಎಲ್ಲವೂ ಮಲಗಿ ಮೆಲುಕು ಹಾಕುವಾಗ ಯಾವುದು ಹಾಕುತ್ತಿಲ್ಲ? ಮೆಲುಕು ನಿಂತರೆ ಏನೋ ಆಗಿದೆ ಅಂತಲೇ ತಿಳಿಯಿರಿ.

ಆಮೇಲೆ ಎಡಗಡೆ ನೋಡಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ಮೂರು ಮೂಲೆಯ ಗುಳಿ ಇರುತ್ತದೆ. ಅದು ಆಳವಾಗಿ ಒಳಗೆ ಹೋಗಿದ್ದರೆ ಆ ದನ ಸರಿಯಾಗಿ ತಿಂದಿಲ್ಲ, ಕುಡಿದಿಲ್ಲ. ಅದೇ ಜಾಗ ತಮಟೆಯ ಹಾಗೆ ಉಬ್ಬಿ ಬಿಗಿದಿದ್ದರೆ ಹೊಟ್ಟೆ ಉಬ್ಬರ. ಆಗ ನಾಳೆ ನೋಡೋಣ ಅನ್ನಬೇಡಿ, ಆ ನಿಮಿಷವೇ ಫೋನ್ ಮಾಡಿ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಅಂತ ನಂಬರ್ ಇದೆ, ದುಡ್ಡಿಲ್ಲದ ಕರೆ.

ಜವಾರಿ ದನದ ಪಕ್ಕೆಲುಬು ಬೇಸಿಗೆಯಲ್ಲಿ ಕಾಣುತ್ತವೆ. ಅದನ್ನು ನೋಡಿ ಗಾಬರಿಯಾಗಬೇಡಿ. ಹೋದ ವಾರಕ್ಕಿಂತ ಈ ವಾರ ಜಾಸ್ತಿ ಕಾಣುತ್ತಿವೆಯಾ, ಅದು ಮುಖ್ಯ. ಒಂದೇ ಮಗ್ಗುಲಿನಿಂದ ವಾರಕ್ಕೊಂದು ಫೋಟೊ ತೆಗೆದಿಡಿ. ಕಣ್ಣು ಮರೆಯುತ್ತದೆ, ಫೋಟೊ ಮರೆಯುವುದಿಲ್ಲ.

ಸಗಣಿಯನ್ನೂ ನೋಡಿ. ನೀರಿನ ಹಾಗಿದೆಯಾ, ಗಟ್ಟಿ ಉಂಡೆಯಾಗಿದೆಯಾ, ರಕ್ತ ಇದೆಯಾ, ಪ್ಲಾಸ್ಟಿಕ್ ಚೂರು ಇದೆಯಾ. ಬಾಲದ ಬುಡ, ಕಿವಿಯ ಒಳಗೆ, ಕೆಚ್ಚಲ ಸಂದಿಯಲ್ಲಿ ರಕ್ತ ಹೀರುವ ಉಣ್ಣಿ ಇರುತ್ತವೆ. ಬಿಳಿ ಎತ್ತುಗಳ ಕೊಂಬಿನ ಬುಡ ನೋಡಿ. ಒಂದು ಕೊಂಬು ವಾಲಿದ್ದರೆ, ತಲೆ ಪದೇ ಪದೇ ಕೊಡವುತ್ತಿದ್ದರೆ, ಆ ಬದಿಯ ಮೂಗಿನಿಂದ ಸೋರುತ್ತಿದ್ದರೆ ಕೊಂಬಿನ ಕ್ಯಾನ್ಸರ್ ಇರಬಹುದು. ಬೇಗ ಗೊತ್ತಾದರೆ ಕೊಂಬು ತೆಗೆದು ಉಳಿಸಬಹುದು. ಮೈಮೇಲೆ ಗಂಟು ಕಂಡರೆ ಚರ್ಮಗಂಟು ರೋಗ ಇರಬಹುದು. 2022ರಲ್ಲಿ ಅದು ಎಷ್ಟು ದನ ತಿಂದಿತು ಅಂತ ಇಲ್ಲಿರುವ ಎಲ್ಲರಿಗೂ ನೆನಪಿದೆ.

ಇನ್ನೊಂದು ಮಾತು, ಇದು ನಿಮ್ಮ ಜೀವಕ್ಕೆ ಸಂಬಂಧಿಸಿದ್ದು. ಬಾಯಲ್ಲಿ ಜೊಲ್ಲು ಸುರಿಸುವ ದನದ ಬಾಯಿಗೆ ಕೈ ಹಾಕಬೇಡಿ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಅನಿಸುತ್ತದೆ. ಅದು ಹುಚ್ಚುನಾಯಿ ಕಚ್ಚಿದ ದನವೂ ಆಗಿರಬಹುದು. ಕಂದು ಹಾಕಿದ, ಅಂದರೆ ದಿನ ತುಂಬುವ ಮೊದಲೇ ಹಾಕಿದ ಕರುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಿಂದ ಕಪ್ಪು ರಕ್ತ ಬಂದಿದ್ದರೆ ನೆರಡಿ ಇರಬಹುದು, ಅಂದರೆ ಆಂಥ್ರಾಕ್ಸ್. ಅದನ್ನು ಕೊಯ್ಯಬಾರದು, ಎಳೆದಾಡಬಾರದು. ನಾಯಿ ಬಾರದಂತೆ ಕಾದು ಇಲಾಖೆಗೆ ಹೇಳಿ.

ತುಂಗಭದ್ರಾ ಹಿನ್ನೀರು

ಡಾಕ್ಟ್ರೇ, ಇದನ್ನು ಪ್ರಿಂಟ್ ತೆಗೆದು ನಮ್ಮ ಹಟ್ಟಿಯಲ್ಲಿ ಅಂಟಿಸಿದ್ದೇನೆ. ಬೇಸಿಗೆಯಲ್ಲಿ ಡ್ಯಾಮಿನ ನೀರು ಇಳಿದ ಮೇಲೆ ಹಿನ್ನೀರಿನ ನೆಲದಲ್ಲಿ ಹುಲ್ಲು ಏಳುತ್ತದೆ. ಸುತ್ತಲ ಊರುಗಳ ದನ ಎಲ್ಲಾ ಅಲ್ಲೇ. ಅಲ್ಲಿ ಎರಡು ಅಪಾಯ: ಮೀನು ಹಿಡಿಯುವವರು ಬಿಟ್ಟು ಹೋದ ಹರಿದ ಬಲೆ ಮತ್ತು ಮೇಲೆ ಒಣಗಿದಂತೆ ಕಾಣುವ ಕೆಸರು. ಕೆಸರಲ್ಲಿ ಹೂತ ಆಕಳನ್ನು ಕಾಲಿಗೆ ಹಗ್ಗ ಹಾಕಿ ಎಳೆಯಬೇಡಿ, ಕೀಲು ಕಳಚುತ್ತದೆ. ಹೊಟ್ಟೆಯ ಕೆಳಗೆ ಗೋಣಿಚೀಲದ ಪಟ್ಟಿ ಹಾಕಿ, ಸುತ್ತಲ ಕೆಸರು ಬಿಡಿಸಿ, ನಿಧಾನ ಎತ್ತಬೇಕು. ನಾವು ಹೋದ ಮೇ ತಿಂಗಳಲ್ಲಿ ಹಾಗೇ ಎರಡು ತೆಗೆದೆವು.

ಕಿಲಾರಿ ಮನೆ (ಸಂಡೂರು ಕಡೆ)

ನಮ್ಮ ಮ್ಯಾಸ ನಾಯಕರಲ್ಲಿ ದೇವರ ಎತ್ತುಗಳು ಇರುತ್ತವೆ. ಚಿತ್ರದುರ್ಗ, ಕೂಡ್ಲಿಗಿ ಕಡೆ ಜಾಸ್ತಿ. ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನೆ ಮನುಷ್ಯ ಸತ್ತಂತೆ ಮಣ್ಣು ಮಾಡುತ್ತೇವೆ. ಅವನ್ನು ಕಾಯುವವನೇ ಕಿಲಾರಿ. ನಮ್ಮ ತಾತ ಕಿಲಾರಿ ಆಗಿದ್ದ.

ತಾತ ದನ ಎಣಿಸುತ್ತಿದ್ದ ರೀತಿ ಹೇಳುತ್ತೇನೆ. ಅವನು ಒಂದು ಎರಡು ಅಂತ ಎಣಿಸುತ್ತಿರಲಿಲ್ಲ. ಒಂದೊಂದರ ಹೆಸರು ಹೇಳುತ್ತಿದ್ದ. ಹೆಸರಿಗೆ ಮುಖ ಸಿಗದಿದ್ದರೆ ಯಾವುದು ಬಂದಿಲ್ಲ ಅಂತ ಗೊತ್ತಾಗುತ್ತಿತ್ತು. ನೀವು 34 ಅಂತ ಎಣಿಸಿದಿರಿ ಅಂದುಕೊಳ್ಳಿ. ಪಕ್ಕದೂರಿನ ಒಂದು ದನ ಸೇರಿಕೊಂಡು ನಿಮ್ಮದೊಂದು ಹಳ್ಳದಲ್ಲಿ ಬಿದ್ದಿದ್ದರೂ ಲೆಕ್ಕ ಸರಿ ಬರುತ್ತದೆ ಅಲ್ವಾ? ಅದಕ್ಕೆ ಹೆಸರು ಇಡಿ. ಕಿವಿಯ ಬಿಲ್ಲೆಯ 12 ಅಂಕಿ ದೂರದಿಂದ ಓದಲು ಬರುವುದಿಲ್ಲ.

ಬರಗಾಲ ಬಂದಾಗ ನಮ್ಮ ಎತ್ತುಗಳೂ ಕಷ್ಟಪಟ್ಟಿವೆ. ಮೇವಿಗೆ ಕೈ ಚಾಚಿದ್ದೇವೆ. ದೇವರದ್ದು ಅಂತ ಬಿಟ್ಟ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ.

ಹುಲ್ಲುನಾಡು (ಗಂಗಾವತಿ)

ಕಿಲಾರಿ ಮನೆಯವರ ಮಾತು ಓದಿ ಹೊಳೆಯಿತು. ಹುಲ್ಲುಗಾವಲು ಅನ್ನುವ ಪದದಲ್ಲೇ ಕಾವಲು ಇದೆ. ಮೈಸೂರು ಅರಸರ ಕಾಲದ ಅಮೃತಮಹಲ್ ದನಗಳೂ ಕಾವಲುಗಳಲ್ಲಿ ಬಯಲಲ್ಲೇ ಬೆಳೆದವು. ಆ ಜಾಗಗಳಿಗೆ ಹೆಸರೇ ಕಾವಲು. ಮೇಯುವುದು, ಕಾಯುವುದು ಎರಡೂ ಒಟ್ಟಿಗೇ ಇದ್ದವು ನಮ್ಮಲ್ಲಿ.

ಇನ್ನು ಹುಲ್ಲಿನ ವಿಷಯ. ದನ ಬಂದರೆ ಕಾಡು ಹಾಳು ಅಂತ ಎಲ್ಲಾ ಕಡೆ ಒಂದೇ ಮಾತು ಹೇಳುತ್ತಾರೆ. ದಟ್ಟ ಕಾಡಿಗೆ ಅದು ನಿಜ ಇರಬಹುದು. ನಮ್ಮದು ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಬಯಲು. ಇಲ್ಲಿ ಚಿಗರಿ (ಕೃಷ್ಣಮೃಗ), ನರಿ, ತೋಳ ಬದುಕುವುದು ತೆರೆದ ಹುಲ್ಲಿನ ನೆಲದಲ್ಲಿ. ನಮ್ಮ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆ ಅಂತಲೇ ಸರಕಾರ ಧಾಮ ಮಾಡಿದೆ, ಸುಮಾರು 822 ಎಕರೆ. ಹುಲ್ಲು ಹೋಗಿ ಜಾಲಿ ಮುಚ್ಚಿಕೊಂಡರೆ ಅವಕ್ಕೂ ನೆಲೆ ಇಲ್ಲ.

ರಾಜಸ್ಥಾನದ ಭರತಪುರದಲ್ಲಿ ಏನಾಯಿತು ಅಂತ ಓದಿ. 1982ರಲ್ಲಿ ಅಲ್ಲಿನ ಕೇವಲಾದೇವ ಪಕ್ಷಿಧಾಮದಲ್ಲಿ ದನ, ಎಮ್ಮೆ ಮೇಯಿಸುವುದನ್ನು ಒಮ್ಮೆಲೇ ನಿಲ್ಲಿಸಿದರು. ಗಲಾಟೆ ಆಯಿತು, ಪೊಲೀಸರ ಗುಂಡಿಗೆ ಜನ ಸತ್ತರು. ಆಮೇಲೆ ನೋಡಿದರೆ ಎಮ್ಮೆ ತಿನ್ನುತ್ತಿದ್ದ ನೀರಿನ ಹುಲ್ಲು ಬೆಳೆದು ಕೆರೆಗಳೇ ಮುಚ್ಚಿಕೊಂಡವು. ಹಕ್ಕಿಗಳಿಗೆ ತೊಂದರೆ ಆಯಿತು. ಮುಂಬೈಯ ಬಿಎನ್‌ಎಚ್‌ಎಸ್ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ವಿಜ್ಞಾನಿಗಳು ವರ್ಷಗಟ್ಟಲೆ ಅಲ್ಲೇ ಇದ್ದು ನೋಡಿ, ಎಮ್ಮೆ ಮೇಯುವುದು ಆ ಜಾಗಕ್ಕೆ ಒಳ್ಳೆಯದೇ ಮಾಡುತ್ತಿತ್ತು ಅಂತ ಹೇಳಿದರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ದನ ಬಳ್ಳಾರಿ ಜಾಲಿಯ ಕಾಯಿ ಇಷ್ಟಪಟ್ಟು ತಿನ್ನುತ್ತವೆ. ಬೀಜ ಸಗಣಿಯಲ್ಲಿ ಹಾಗೇ ಹೊರಗೆ ಬಂದು ಮೊಳೆಯುತ್ತದೆ. ಅಂದರೆ ಜಾಲಿ ತಡೆಯಲು ಬಿಟ್ಟ ದನವೇ ಜಾಲಿ ಬಿತ್ತುತ್ತದೆ. ದಿನಾ ಹೋಗುವವರು ಸಗಣಿಯಲ್ಲಿ ಎದ್ದ ಸಸಿಗಳನ್ನು ಮಳೆಗಾಲದಲ್ಲೇ ಕಿತ್ತರೆ ಸುಲಭ. ಬೇರು ಇಳಿದ ಮೇಲೆ ಜೆಸಿಬಿ ಬೇಕಾಗುತ್ತದೆ.

ಬಳ್ಳಾರಿಯ ಮಗಳು (ಈಗ ಇಂಗ್ಲೆಂಡಿನಲ್ಲಿ)

ಕೌಲ್ ಬಜಾರಿನಲ್ಲಿ ಹುಟ್ಟಿ ಬೆಳೆದವಳು ನಾನು. ಇಲ್ಲಿ ಮೂರು ವರ್ಷದಿಂದ ನೀವು ಹೇಳುವ ಕೆಲಸವನ್ನೇ ಮಾಡುತ್ತಿದ್ದೇನೆ! ಓದಿ ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ.

ಇಲ್ಲಿ ಹುಲ್ಲಿನ ಗುಡ್ಡಗಳನ್ನು ಉಳಿಸಲು ಬೇಕಂತಲೇ ದನ ಬಿಡುತ್ತಾರೆ. ಮುಳ್ಳುಕಂಟಿ ಬೆಳೆದು ಹೂವಿನ ಗಿಡ, ಚಿಟ್ಟೆ ಹೋಗಬಾರದು ಅಂತ. ಅವನ್ನು ದಿನಾ ನೋಡಿ ಬರುವ ಊರಿನ ಜನಕ್ಕೆ ಲುಕ್ಕರ್ ಅನ್ನುತ್ತಾರೆ. ಹಳೇ ಪದ ಅದು. ಕೆಂಟ್ ಕಡೆಯ ರಾಮ್ನಿ ಜೌಗು ನೆಲದಲ್ಲಿ ಬೇರೆಯವರ ಕುರಿ ಕಾಯುವವರಿಗೆ ಹಾಗೆ ಕರೆಯುತ್ತಿದ್ದರು. ಈಗ ನನ್ನಂಥವರಿಗೆ ಅರ್ಧ ದಿನ ತರಬೇತಿ ಕೊಟ್ಟು ಒಂದು ವಾರದ ಪಾಳಿ ಕೊಡುತ್ತಾರೆ. ಎಣಿಸು, ನೀರು ನೋಡು, ಬೇಲಿ ನೋಡು, ಕಾಲು ನೋಡು, ಮೆಸೇಜ್ ಹಾಕು. ಲಂಡನ್ ಪಕ್ಕದ ಎಪ್ಪಿಂಗ್ ಕಾಡಿನಲ್ಲಿ ಉದ್ದ ಕೊಂಬಿನ ದನಗಳಿಗೆ ಕೊರಳಪಟ್ಟಿ ಹಾಕಿದ್ದಾರೆ. ಗಡಿ ಹತ್ತಿರ ಹೋದರೆ ಅದು ಸದ್ದು ಮಾಡುತ್ತದೆ. ಆದರೆ ಕೊರಳಪಟ್ಟಿ ದನ ಎಲ್ಲಿದೆ ಅಂತ ಹೇಳುತ್ತದೆ, ಹೇಗಿದೆ ಅಂತ ಹೇಳಲು ಕಣ್ಣೇ ಬೇಕು.

ಮೊದಮೊದಲು ನನಗೆ ಏನೂ ಕಾಣುತ್ತಿರಲಿಲ್ಲ. ಎಲ್ಲವೂ ಒಂದೇ ಥರ. ಎರಡು ತಿಂಗಳು ಚೆನ್ನಾಗಿರುವ ದನಗಳನ್ನೇ ನೋಡಿ ನೋಡಿ ರೂಢಿಯಾದ ಮೇಲೆ, ಒಂದು ದಿನ ಒಂದು ಆಕಳು ನಿಂತ ರೀತಿ ಸರಿ ಇಲ್ಲ ಅನಿಸಿತು. ಏನು ಅಂತ ಹೇಳಲು ಬರಲಿಲ್ಲ. ಫೋನ್ ಮಾಡಿದೆ. ಗೊರಸಿನ ಸಂದಿಯಲ್ಲಿ ಕಲ್ಲು ಸಿಕ್ಕಿ ಕೀವಾಗಿತ್ತು.

ಸುಮ್ಮನೆ ಓದುವವ

ಒಂದು ಪ್ರಶ್ನೆ. ಬಯಲಿಗೆ ಬಿಟ್ಟ ಮೇಲೆ ಅವನ್ನು ಪ್ರಕೃತಿಗೆ ಬಿಡಬೇಕು ಅಲ್ವಾ? ಚಿಗರಿಗೆ ಯಾರು ಡಾಕ್ಟರ್ ಕರೆಯುತ್ತಾರೆ? ಗಟ್ಟಿ ಇದ್ದದ್ದು ಉಳಿಯುತ್ತದೆ.

ಬಳ್ಳಾರಿಯ ಮಗಳು (ಈಗ ಇಂಗ್ಲೆಂಡಿನಲ್ಲಿ)

ಇದೇ ಮಾತನ್ನು ನಂಬಿ ಒಂದು ದೇಶ ನಡೆದು ನೋಡಿದೆ, ಅಣ್ಣಾ. ನೆದರ್ಲೆಂಡ್ಸ್‌ನಲ್ಲಿ ಓಸ್ಟ್‌ವಾರ್ಡರ್ಸ್‌ಪ್ಲಾಸೆನ್ ಅಂತ ಜಾಗ ಇದೆ. ಸಮುದ್ರದಿಂದ ಗಳಿಸಿದ ನೆಲ, ಸುಮಾರು 5,600 ಹೆಕ್ಟೇರ್. 1983ರಲ್ಲಿ ಅಲ್ಲಿಗೆ ಹೆಕ್ ಅನ್ನುವ ತಳಿಯ ದನ ಬಿಟ್ಟರು. ಆಮೇಲೆ ಕುದುರೆ, ಕೆಂಪು ಜಿಂಕೆ. ಮೇವು ಹಾಕುವುದಿಲ್ಲ, ಕಾಡುಪ್ರಾಣಿಯ ಹಾಗೇ ಬದುಕಲಿ ಅಂತ. ಆದರೆ ಸುತ್ತ ಬೇಲಿ ಇತ್ತು. ಹಸಿದರೆ ಬೇರೆ ಕಡೆ ಹೋಗುವ ಹಾಗಿಲ್ಲ. ಸಂಖ್ಯೆ ಬೆಳೆಯುತ್ತಾ ಹೋಯಿತು. 2017–18ರ ಚಳಿಗಾಲದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಪ್ರಾಣಿ ಸತ್ತವು. ಹೆಚ್ಚಿನವನ್ನು ಹಸಿವಿನಿಂದ ನರಳುವುದು ಬೇಡ ಅಂತ ಸಿಬ್ಬಂದಿಯೇ ಗುಂಡಿಟ್ಟು ಕೊಂದರು. ಜನ ತಡೆಯಲಾರದೆ ಬೇಲಿ ಆಚೆಯಿಂದ ಒಣಹುಲ್ಲು ಎಸೆದರು. ಆಮೇಲೆ ಸಂಖ್ಯೆಯನ್ನೇ ಕಡಿಮೆ ಮಾಡುವ ತೀರ್ಮಾನ ಆಯಿತು.

ಗುಡ್ಡದ ಹಾದಿ (ಕೊಪ್ಪಳ)

ನನ್ನ ಉತ್ತರವೂ ಅದೇ. ಚಿಗರಿಗೆ ಇಡೀ ಬಯಲಿದೆ. ನಮ್ಮ ದನಗಳಿಗೆ ಒಂದು ಕಡೆ ಕಾಲುವೆ, ಒಂದು ಕಡೆ ರಸ್ತೆ, ಎರಡು ಕಡೆ ಹೊಲ. ಗುಡ್ಡ ಒಣಗಿದರೆ ಹೋಗಲು ದಾರಿ ಇಲ್ಲ. ಅವನ್ನು ಅಲ್ಲಿ ಇಟ್ಟವರು ನಾವು. ಅವುಗಳ ಅಜ್ಜ ಮುತ್ತಜ್ಜ ನಮ್ಮ ಹೊಲ ಉತ್ತಿವೆ. ಹಾಗಿರುವಾಗ ನೋಡದೆ ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ನೀರಿನ ಲೆಕ್ಕವನ್ನೇ ನೋಡಿ. ಬೇಸಿಗೆಯಲ್ಲಿ ಒಂದು ದೊಡ್ಡ ದನಕ್ಕೆ ದಿನಕ್ಕೆ 40ರಿಂದ 60 ಲೀಟರ್ ಬೇಕು. 34ಕ್ಕೆ ಹತ್ತಿರ ಹತ್ತಿರ 1,700 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಮೂರು ದಿನವೂ ಪೂರ್ತಿ ಬರುವುದಿಲ್ಲ. ಗುಡ್ಡದ ಹೊಂಡ ಮಾರ್ಚ್‌ಗೇ ಬತ್ತುತ್ತದೆ. ಯಾರೂ ಹೋಗಿ ನೋಡದಿದ್ದರೆ ತೊಟ್ಟಿ ಖಾಲಿ ಆದದ್ದು ಯಾರಿಗೆ ಗೊತ್ತಾಗಬೇಕು?

ಡಿಗ್ರಿ ಎರಡನೇ ವರ್ಷ (ಕೊಪ್ಪಳ)

ನಾನು ಮತ್ತು ನನ್ನ ಗೆಳತಿ ಶನಿವಾರ ಬರುತ್ತೇವೆ ಅಣ್ಣಾ. ಆದರೆ ಗೂಳಿ ಕಂಡರೆ ನನಗೆ ಭಯ. ಹೋಗಬಹುದಾ?

ಹಳೇ ಪಶುವೈದ್ಯ (ರಾಯಚೂರು)

ಹೋಗು ಮಗಳೇ. ಭಯ ಇರುವವರೇ ಹುಷಾರಾಗಿರುತ್ತಾರೆ. ಮೂವತ್ತು ಹೆಜ್ಜೆ ದೂರ ಇರು. ಆಕಳು ಮತ್ತು ಕರುವಿನ ನಡುವೆ ಎಂದೂ ಹೋಗಬೇಡ. ನಾಯಿ ಜೊತೆಗೆ ಬೇಡ. ಗೂಳಿ ತಲೆ ತಗ್ಗಿಸಿ, ಮಗ್ಗುಲು ತೋರಿಸಿ ನಿಂತು, ಮಣ್ಣು ಕೆರೆದರೆ ಅದು ಹೋಗು ಅಂತ ಹೇಳುತ್ತಿದೆ. ಓಡಬೇಡ, ಬೆನ್ನು ತೋರಿಸದೆ ನಿಧಾನ ಹಿಂದೆ ಸರಿ. ಬರುವಾಗಲೇ ಸಣ್ಣಗೆ ಮಾತಾಡುತ್ತಾ ಬಾ, ದನಕ್ಕೆ ದನಿಯ ಪರಿಚಯ ಆಗಲಿ.

ಗುಡ್ಡದ ಹಾದಿ (ಕೊಪ್ಪಳ)

*ಮೂರು ವಾರದ ನಂತರ*

11 ಜನ ಸಿಕ್ಕಿದ್ದಾರೆ. ಕಿಲಾರಿ ಮನೆಯವರ ಮಾತಿನಂತೆ ಎಲ್ಲಕ್ಕೂ ಹೆಸರು ಇಟ್ಟೆವು: ಚಂದ್ರಿ, ಬಾಳಮ್ಮ, ಮುರುಗೋಡು, ಕೆಂಪಿ, ಹೀಗೆ. ಎರಡನೇ ವಾರದಲ್ಲಿ ಕೆಂಪಿ ಕಾಣಲಿಲ್ಲ. ಸಂಜೆವರೆಗೂ ಹುಡುಕಿ ಎಲ್ಲರೂ ಸೋತೆವು. ಮಾರನೇ ದಿನ ಕುರಿ ಕಾಯುವ ಹುಡುಗನೇ ತೋರಿಸಿದ. ಕಾರಿ ಕಂಟಿಯ ಮರೆಯಲ್ಲಿ ಕರು ಹಾಕಿ ನಿಂತಿದ್ದಳು. ಈಯುವ ಆಕಳು ಹಿಂಡು ಬಿಟ್ಟು ಹೋಗುತ್ತದೆ ಅಂತ ಈಗ ವಹಿಯಲ್ಲಿ ದೊಡ್ಡದಾಗಿ ಬರೆದಿದ್ದೇವೆ. ಆ ಹುಡುಗ ಹನ್ನೆರಡನೆಯವನಾಗಿ ಸೇರಿದ್ದಾನೆ. ನಮ್ಮೆಲ್ಲರಿಗಿಂತ ಚೆನ್ನಾಗಿ ಅವನಿಗೇ ಕಾಣುತ್ತದೆ.

ಹಳೇ ಪಶುವೈದ್ಯ (ರಾಯಚೂರು)

ಬಹಳ ಸಂತೋಷ. ಒಂದು ಮಾತು ಮರೆತಿದ್ದೆ. ಕೊಯ್ದ ಜೋಳದ ಕೂಳೆ ಮೊದಲ ಮಳೆಗೆ ಚಿಗುರುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳವೂ ಅಷ್ಟೇ. ಅದರಲ್ಲಿ ವಿಷ ಇರುತ್ತದೆ, ಸೈನೈಡ್. ಹಸಿದ ದನ ತಿಂದರೆ ಅರ್ಧ ತಾಸಿನಲ್ಲಿ ಏದುಸಿರು ಬಿಟ್ಟು ನಡುಗಿ ಬೀಳುತ್ತದೆ. ಬೇಗ ಬಂದರೆ ಡಾಕ್ಟರ್ ಇಂಜೆಕ್ಷನ್ ಕೊಟ್ಟು ಉಳಿಸಬಹುದು, ತಡವಾದರೆ ಆಗುವುದಿಲ್ಲ. ಗುಡ್ಡದ ಬದಿ ಯಾರಾದರೂ ಜೋಳ ಹಾಕಿದ್ದರೆ ಈಗಲೇ ಮಾತಾಡಿ.

ಭತ್ತದ ಗದ್ದೆ (ಸಿಂಧನೂರು)

ಇದು ನಿಜ. ನಮ್ಮ ಚಿಕ್ಕಪ್ಪನ ಜೋಡೆತ್ತು ಹೀಗೇ ಹೋದವು. ಕೊಪ್ಪಳದ ಅಣ್ಣಾ, ಗದ್ದೆಯ ಹುಲ್ಲು ಎರಡು ಟ್ರೇಲರ್ ನನ್ನ ಹತ್ತಿರ ಇದೆ. ಸುಡುವ ಬದಲು ನಿಮಗೆ ಕಳಿಸುತ್ತೇನೆ. ಬಾಡಿಗೆ ಅರ್ಧ ನೀವು ಕೊಡಿ.

ಗುಡ್ಡದ ಹಾದಿ (ಕೊಪ್ಪಳ)

ಪೂರ್ತಿ ಬಾಡಿಗೆ ಕೊಡುತ್ತೇವೆ ಅಣ್ಣಾ, ಕಳಿಸಿ. ಬಣವಿ ಹಾಕಲು ಜಾಗ ಆಗಲೇ ನೋಡಿದ್ದೇವೆ. ಹುಲ್ಲಲ್ಲಿ ಕಟ್ಟುತಂತಿ, ಪ್ಲಾಸ್ಟಿಕ್ ದಾರ ಇದ್ದರೆ ಇಳಿಸುವಾಗಲೇ ಆರಿಸಿ ತೆಗೆಯುತ್ತೇವೆ. ಗಾಯರಾಣಕ್ಕೆ ತಗುಲಿದ ಎರಡು ಜೋಳದ ಹೊಲದವರ ಹತ್ತಿರವೂ ಮಾತಾಡಿದೆ. ಒಬ್ಬರು ಮುಳ್ಳು ಹಾಕಲು ಒಪ್ಪಿದ್ದಾರೆ. ಇನ್ನೊಬ್ಬರು ಊರಲ್ಲಿಲ್ಲ, ಶುಕ್ರವಾರ ಬರುತ್ತಾರಂತೆ. ಅಲ್ಲಿವರೆಗೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಆ ಬದಿಗೆ ಒಬ್ಬರು ಇರಬೇಕು.

ಇವತ್ತಿನ ಲೆಕ್ಕ 35. ಮುರುಗೋಡು ಎತ್ತಿನ ಮುಂಗಾಲು ಬಾತಿದೆ, ಭಾರ ಹಾಕುತ್ತಿಲ್ಲ. ನಾಳೆ ಹತ್ತಕ್ಕೆ ಡಾಕ್ಟರ್ ಬರುತ್ತಾರೆ. ಅದನ್ನು ಕೆಡವಿ ಹಿಡಿಯಲು ಬಲ್ಲವರು ನಾಲ್ಕು ಜನ ಬೇಕು. ಮೆತ್ತನೆಯ ಹತ್ತಿ ಹಗ್ಗ ಯಾರ ಮನೆಯಲ್ಲಿದೆ? ಒಂಬತ್ತೂವರೆಗೆ ಹನುಮಪ್ಪನ ಗುಡಿ ಹತ್ತಿರ ಬನ್ನಿ.